ಕಾರ್ ಬ್ಯಾಟರಿ ಚಾರ್ಜರ್

ಕಾರ್ ಬ್ಯಾಟರಿ ಚಾರ್ಜರ್ ಎಂಬುದು ಮನೆಯ 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಪರಿವರ್ತಿಸಿ, 12 ವೋಲ್ಟ್ ಸೀಸ-ಆಮ್ಲ ಬ್ಯಾಟರಿಯನ್ನು ಮರುಪೂರಣಗೊಳಿಸುವ ಸಾಧನ. ಚಾರ್ಜ್ ಪೂರ್ಣವಾಗುತ್ತ ಬಂದಂತೆ ಬ್ಯಾಟರಿಯಲ್ಲಿನ ನೀರು ವಿಭಜನೆಗೊಂಡು ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ. 4ನ್ನು ಮೀರಿದರೆ ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಒಡೆದರೆ ಸಲ್ಫ್ಯೂರಿಕ್ ಆಮ್ಲ ಕಣ್ಣಿಗೆ ಸಿಡಿಯುವ ಅಪಾಯವಿದೆ.

ಆದ್ದರಿಂದ ಗಾಳಿಯಾಡುವ ಸ್ಥಳದಲ್ಲಿ, ಸ್ವಿಚ್ ಆರಿಸಿದ ಸ್ಥಿತಿಯಲ್ಲಿಯೇ ಕ್ಲಿಪ್‌ಗಳನ್ನು ಜೋಡಿಸಬೇಕು. ಬ್ಯಾಟರಿ ಕಾರಿನಲ್ಲೇ ಇದ್ದರೆ, ಸಾಮಾನ್ಯವಾಗಿ ಮೊದಲು ಕೆಂಪು ಕ್ಲಿಪ್ಪನ್ನು ಧನಾಗ್ರಕ್ಕೆ, ಬಳಿಕ ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ದೂರವಿರುವ ಚಾಸಿಯ ಲೋಹದ ಭಾಗಕ್ಕೆ ಜೋಡಿಸಲಾಗುತ್ತದೆ. ತೆಗೆಯುವಾಗ ಸ್ವಿಚ್ ಆರಿಸಿ, ಕಪ್ಪು ಕ್ಲಿಪ್ಪನ್ನು ಮೊದಲು ಬಿಡಿಸಬೇಕು.

2001ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ರೇವಾ ವಿದ್ಯುತ್ ಕಾರೂ ಸೀಸ-ಆಮ್ಲ ಬ್ಯಾಟರಿಗಳನ್ನೇ ಬಳಸುತ್ತಿತ್ತು. ಚಾರ್ಜರ್ ಕಾರಿನಲ್ಲಿಯೇ ಅಳವಡಿಕೆಯಾಗಿದ್ದುದರಿಂದ ಕ್ಲಿಪ್ ಜೋಡಿಸುವ ಅಗತ್ಯವಿರಲಿಲ್ಲ.