ಯಶವಂತಪುರದ ಗಡಿಯಾರ, ಕಂಪ್ಯೂಟರಿನ ಕಡತ



ಯಶವಂತಪುರ ರೈಲು ನಿಲ್ದಾಣದ ಗಡಿಯಾರ ಮಧ್ಯಾಹ್ನ 12 ಗಂಟೆ ತೋರಿಸುವಾಗ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ವರ್ಷದ ಸರಾಸರಿ ಲೆಕ್ಕದಲ್ಲಿ ಅವನು ಸುಮಾರು 20 ನಿಮಿಷ ತಡ. ಭಾರತೀಯ ಕಾಲಮಾನವನ್ನು ಲೆಕ್ಕ ಹಾಕುವುದು 82.5 ಡಿಗ್ರಿ ಪೂರ್ವ ರೇಖಾಂಶದಿಂದ. ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ವ್ಯತ್ಯಾಸ.

ಹಿಂದೆ ಪ್ರತಿ ಊರಿಗೂ ತನ್ನದೇ ಸೂರ್ಯ, ತನ್ನದೇ ಗಂಟೆ. ರೈಲು ಬಂದ ಮೇಲೆ ಇದು ತೊಡಕಾಯಿತು. 1884ರಲ್ಲಿ ಬೆಂಗಳೂರಿನಿಂದ ಯಶವಂತಪುರದ ಮೂಲಕ ತುಮಕೂರಿಗೆ ರೈಲುಮಾರ್ಗ ತೆರೆಯಿತು. ಊರಿಗೊಂದು ಗಂಟೆಯಿದ್ದರೆ ವೇಳಾಪಟ್ಟಿ ಬರೆಯುವುದು ಹೇಗೆ? ಆ ಕಾಲದಲ್ಲಿ ಭಾರತದ ರೈಲುಗಳಿಗೆ ಮದ್ರಾಸು ಕಾಲವೇ ಆಧಾರವಾಗಿತ್ತು. ಅದು ಬೆಂಗಳೂರಿನ ಸ್ಥಳೀಯ ಕಾಲಕ್ಕಿಂತ ಸುಮಾರು 11 ನಿಮಿಷ ಮುಂದೆ. 1906ರ ಜನವರಿ 1ರಿಂದ ಭಾರತೀಯ ಕಾಲಮಾನ ಜಾರಿಗೆ ಬಂತು. ಆದರೂ ಕಲ್ಕತ್ತಾ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ಕಾಲವನ್ನು ಬಿಡಲಿಲ್ಲ. ಹಾಗಾಗಿ ಹಳೆಯ ಕಾಗದದಲ್ಲಿ "10 ಗಂಟೆ" ಎಂದಿದ್ದರೆ, ಅದು ಯಾವ ಊರಿನ ಗಂಟೆ ಎಂದು ಮೊದಲು ಕೇಳಬೇಕು.

ಇದೇ ಪ್ರಶ್ನೆ ಇಂದು ಕಂಪ್ಯೂಟರಿನ ಕಡತಗಳಿಗೂ ಅನ್ವಯಿಸುತ್ತದೆ. ಕಡತವನ್ನು ಉಳಿಸಿದ ವೇಳೆಯನ್ನು ಯಂತ್ರ ಅದರ ಜೊತೆಯಲ್ಲೇ ದಾಖಲಿಸುತ್ತದೆ. ಯುನಿಕ್ಸ್ ವ್ಯವಸ್ಥೆ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಯುಟಿಸಿ ಎಂಬ ಜಾಗತಿಕ ಕಾಲದಲ್ಲಿ ಎಣಿಸುತ್ತದೆ; ತೆರೆಯ ಮೇಲೆ ತೋರಿಸುವಾಗ ಮಾತ್ರ ನಮ್ಮ ಗಂಟೆಗೆ ಪರಿವರ್ತಿಸುತ್ತದೆ. 1980ರ ದಶಕದ ಎಂಎಸ್-ಡಾಸ್ ಹಾಗಲ್ಲ. ಅದು ಬಳಸುವವರ ಗಡಿಯಾರದ ವೇಳೆಯನ್ನೇ ಬರೆದಿಡುತ್ತಿತ್ತು, ಊರಿನ ಸುಳಿವಿಲ್ಲದೆ. ಪೆನ್‌ಡ್ರೈವುಗಳಲ್ಲಿ ಬಳಸುವ ಫ್ಯಾಟ್ 32 ವಿಧಾನ ಇಂದಿಗೂ ಅದೇ ಪದ್ಧತಿಯದು.

ಒಂದು ಉದಾಹರಣೆ ನೋಡಿ. ಜನವರಿಯ ಒಂದು ದಿನ ಹೆಬ್ಬಾಳದಲ್ಲಿ ನೀವು ಬೆಳಗ್ಗೆ 10ಕ್ಕೆ ಒಂದು ಕಡತ ಉಳಿಸಿದಿರಿ. ಲಂಡನ್ನಿನಲ್ಲಿ ಆಗ ಬೆಳಗಿನ 4.30. ಅಲ್ಲಿನ ಗೆಳೆಯ ತನ್ನ ಗಡಿಯಾರದ 9 ಗಂಟೆಗೆ ಅದೇ ಕಡತದ ಪ್ರತಿಯನ್ನು ತಿದ್ದಿದ. ನಿಜವಾಗಿ ಅವನ ತಿದ್ದುಪಡಿ ನಾಲ್ಕೂವರೆ ಗಂಟೆ ಈಚಿನದು. ಆದರೆ ಊರು ತಿಳಿಯದ ಪ್ರೋಗ್ರಾಮಿಗೆ 9ಕ್ಕಿಂತ 10 ದೊಡ್ಡದು! ನಿಮ್ಮ ಹಳೆಯ ಪ್ರತಿಯೇ ಹೊಸದೆಂದು ಬಗೆದು, ಗೆಳೆಯನ ದುಡಿಮೆಯನ್ನು ಅದು ಅಳಿಸಿಹಾಕಬಹುದು.

ಪರಿಹಾರ ರೈಲಿನವರು ಕಂಡುಕೊಂಡದ್ದೇ: ಎಲ್ಲರಿಗೂ ಒಂದೇ ಗಡಿಯಾರ. ಪ್ರೋಗ್ರಾಮ್ ಬರೆಯುವಾಗ ವೇಳೆಯನ್ನು ಯುಟಿಸಿಯಲ್ಲಿ ಉಳಿಸಿ, ಹೋಲಿಕೆಯನ್ನೂ ಅದರಲ್ಲೇ ಮಾಡಿ. ಸ್ಥಳೀಯ ಗಂಟೆ ಓದುವವರ ಕಣ್ಣಿಗೆ ಮಾತ್ರ ಇರಲಿ.

ಇನ್ನೊಂದು ಎಚ್ಚರಿಕೆ. "ಭಾರತಕ್ಕೆ ಯಾವಾಗಲೂ ಐದೂವರೆ ಗಂಟೆ ಕೂಡಿಸಿದರಾಯಿತು" ಎನ್ನಬೇಡಿ. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ಮಧ್ಯದವರೆಗೆ, ನಮ್ಮ ಗಡಿಯಾರಗಳು ಇನ್ನೊಂದು ಗಂಟೆ ಮುಂದಿದ್ದವು. ಇಂಥ ಬದಲಾವಣೆಗಳ ಪಟ್ಟಿ ಕಂಪ್ಯೂಟರುಗಳಲ್ಲಿ "ಏಷ್ಯಾ/ಕೋಲ್ಕತ್ತಾ" ಎಂಬ ಹೆಸರಿನಡಿ ಸಿಗುತ್ತದೆ. ಹಳೆಯ ದಿನಾಂಕಗಳಿಗೆ ಅದನ್ನೇ ಬಳಸಿ. ಗಣಿತದ ಜೊತೆಗೆ ಇತಿಹಾಸವೂ ತಿಳಿದಿದ್ದರೆ ಮಾತ್ರ ಗಂಟೆಯ ಲೆಕ್ಕ ಸರಿಹೋಗುತ್ತದೆ.