ನೆಲಮಂಗಲದಲ್ಲಿ ಸಾಹಿತ್ಯ ಪರಿಷತ್ತು: ದತ್ತಿ ಉಪನ್ಯಾಸದಿಂದ ಕಮ್ಮಟದವರೆಗೆ

ರಾಜಧಾನಿಯಿಂದ ಸುಮಾರು 27 ಕಿ.ಮೀ. ದೂರದಲ್ಲಿ, ತುಮಕೂರು ಹಾಗೂ ಮಂಗಳೂರು ಹೆದ್ದಾರಿಗಳು ಕವಲೊಡೆಯುವ ಸ್ಥಳದಲ್ಲಿರುವ ನೆಲಮಂಗಲವು ಬೆಂಗಳೂರಿನ ನೆರಳಿನಲ್ಲೇ ಬೆಳೆಯುತ್ತಿರುವ ಪಟ್ಟಣ. ಇಲ್ಲಿನ ಓದುಗ ಅಥವಾ ಹೊಸ ಬರಹಗಾರ ಸಾಹಿತ್ಯ ಕಾರ್ಯಕ್ರಮವೊಂದಕ್ಕೆ ಹೋಗಬೇಕೆಂದರೆ ಎರಡು ದಾರಿಗಳಿವೆ. ಒಂದು, ಸಂಜೆಯ ವಾಹನ ದಟ್ಟಣೆಯನ್ನು ದಾಟಿ ಬೆಂಗಳೂರಿನ ಸಭಾಂಗಣಗಳನ್ನು ತಲುಪುವುದು. ಇನ್ನೊಂದು, ಊರಿನಲ್ಲೇ ನಡೆಯುವ ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕದ ಚಟುವಟಿಕೆಗಳಲ್ಲಿ ಪಾಲ್ಗೊಳ್ಳುವುದು. ನಗರದಲ್ಲಿ ಹುಟ್ಟಿದ ಸಂಸ್ಥೆಯೊಂದು ತಾಲ್ಲೂಕಿನವರೆಗೆ ಹೇಗೆ ಬಂದಿತು, ಅದು ಏನನ್ನು ಕೊಡುತ್ತದೆ, ಏನನ್ನು ಕೊಡಲು ಅದಕ್ಕೆ ಕಷ್ಟವಾಗುತ್ತಿದೆ ಎಂಬುದರ ಪರಿಚಯ ಇಲ್ಲಿದೆ.

ಚಾಮರಾಜಪೇಟೆಯಿಂದ ಹೋಬಳಿಗೆ

ಪರಿಷತ್ತು ಸ್ಥಾಪನೆಯಾದದ್ದು 1915ರ ಮೇ 5ರಂದು, ಬೆಂಗಳೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯ ಕಾಲವದು. ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಆರಂಭದಲ್ಲಿ ‘ಕರ್ಣಾಟಕ ಸಾಹಿತ್ಯ ಪರಿಷತ್ತು’ ಎಂಬ ಹೆಸರಿದ್ದ ಈ ಸಂಸ್ಥೆಗೆ ಎಚ್.ವಿ. ನಂಜುಂಡಯ್ಯ ಮೊದಲ ಅಧ್ಯಕ್ಷರು. ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳ ವಿದ್ವಾಂಸರನ್ನು ಒಂದೆಡೆ ಸೇರಿಸುವುದು ಅಂದಿನ ಮುಖ್ಯ ಉದ್ದೇಶವಾಗಿತ್ತು. ಚಾಮರಾಜಪೇಟೆಯ ಕೃಷ್ಣರಾಜ ಪರಿಷನ್ಮಂದಿರ 1933ರಲ್ಲಿ ಸಿದ್ಧವಾಯಿತು.

ವಿದ್ವಾಂಸರ ಸಂಸ್ಥೆಯನ್ನು ಸಾಮಾನ್ಯ ಓದುಗರ ಬಳಿಗೆ ತರುವ ಕೆಲಸ 1930ರ ದಶಕದಲ್ಲಿ ಆರಂಭವಾಯಿತು. ಉಪಾಧ್ಯಕ್ಷರಾಗಿದ್ದ ಡಿ.ವಿ. ಗುಂಡಪ್ಪನವರು ವಸಂತ ಸಾಹಿತ್ಯೋತ್ಸವ ಹಾಗೂ ಗಮಕ ತರಗತಿಗಳಿಗೆ ಚಾಲನೆ ನೀಡಿದರು. ಅವರ ನಂತರ 1938ರಲ್ಲಿ ಆ ಸ್ಥಾನಕ್ಕೆ ಬಂದ ಬಿ.ಎಂ. ಶ್ರೀಕಂಠಯ್ಯನವರ ಕಾಲದಲ್ಲಿ ‘ಕನ್ನಡ ನುಡಿ’ ಪತ್ರಿಕೆ, ಮಹಿಳಾ ಶಾಖೆ, ಅಚ್ಚುಕೂಟ ಹಾಗೂ ಕನ್ನಡ ಪರೀಕ್ಷೆಗಳು ರೂಪುಗೊಂಡವು. ಇಂದು ಕೇಂದ್ರ ಪರಿಷತ್ತಿನ ಕೆಳಗೆ ಜಿಲ್ಲೆ, ತಾಲ್ಲೂಕು ಹಾಗೂ ಹೋಬಳಿ ಘಟಕಗಳ ಸರಣಿಯಿದೆ. ಸದಸ್ಯರ ಸಂಖ್ಯೆ ಮೂರು ಲಕ್ಷವನ್ನು ಮೀರಿದೆ.

ನೆಲಮಂಗಲ ತಾಲ್ಲೂಕು ಘಟಕವು ಬೆಂಗಳೂರು ಗ್ರಾಮಾಂತರ ಜಿಲ್ಲಾ ಘಟಕದ ವ್ಯಾಪ್ತಿಗೆ ಸೇರಿದ್ದು. 1986ರಲ್ಲಿ ರಚನೆಯಾದ ಈ ಜಿಲ್ಲೆಯಿಂದ 2007ರಲ್ಲಿ ರಾಮನಗರ ಬೇರ್ಪಟ್ಟ ಬಳಿಕ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಾಗೂ ನೆಲಮಂಗಲ ತಾಲ್ಲೂಕುಗಳು ಉಳಿದವು. ಜಿಲ್ಲಾ ಘಟಕದ ಅಧ್ಯಕ್ಷರನ್ನು ಸದಸ್ಯರು ಮತದಾನದ ಮೂಲಕ ಆರಿಸುತ್ತಾರೆ. ತಾಲ್ಲೂಕು ಅಧ್ಯಕ್ಷರನ್ನು ನೇಮಿಸುವುದು ಜಿಲ್ಲಾ ಘಟಕ. ಹೀಗಾಗಿ ತಾಲ್ಲೂಕಿನ ಚಟುವಟಿಕೆಯ ಬಿರುಸು ಬಹುಮಟ್ಟಿಗೆ ಆಯಾ ಅವಧಿಯ ಪದಾಧಿಕಾರಿಗಳ ಆಸಕ್ತಿಯನ್ನು ಅವಲಂಬಿಸಿರುತ್ತದೆ.

ದತ್ತಿ ಉಪನ್ಯಾಸ: ಬಡ್ಡಿಯಲ್ಲಿ ನಡೆಯುವ ಸಾಹಿತ್ಯ

ತಾಲ್ಲೂಕು ಮಟ್ಟದಲ್ಲಿ ಪರಿಷತ್ತಿನ ಹೆಸರನ್ನು ವರ್ಷವಿಡೀ ಜೀವಂತವಾಗಿಡುವುದು ದತ್ತಿ ಉಪನ್ಯಾಸ. ದಾನಿಯೊಬ್ಬರು ತಂದೆತಾಯಿಯ ಅಥವಾ ಗುರುಗಳ ಸ್ಮರಣಾರ್ಥ ಒಂದು ಮೊತ್ತವನ್ನು ಪರಿಷತ್ತಿನಲ್ಲಿ ಠೇವಣಿ ಇಡುತ್ತಾರೆ. ಅಸಲನ್ನು ಮುಟ್ಟುವಂತಿಲ್ಲ, ವಾರ್ಷಿಕ ಬಡ್ಡಿಯಿಂದ ದಾನಿ ಸೂಚಿಸಿದ ವಿಷಯದ ಮೇಲೆ ಉಪನ್ಯಾಸ ನಡೆಯಬೇಕು ಅಥವಾ ಬಹುಮಾನ ನೀಡಬೇಕು. ವಚನ ಸಾಹಿತ್ಯ, ದಾಸ ಸಾಹಿತ್ಯ, ಜಾನಪದ, ನಾಡು ನುಡಿ, ಮಹಿಳಾ ಸಾಹಿತ್ಯ ಮುಂತಾದವು ಸಾಮಾನ್ಯವಾಗಿ ಕಂಡುಬರುವ ವಿಷಯಗಳು. ಸ್ವಂತ ಸಭಾಂಗಣದ ಖರ್ಚು ಬಾರದಂತೆ ಇವುಗಳನ್ನು ಹೆಚ್ಚಾಗಿ ಶಾಲಾ ಕಾಲೇಜುಗಳಲ್ಲಿ ಹಮ್ಮಿಕೊಳ್ಳಲಾಗುತ್ತದೆ.

ಈ ವ್ಯವಸ್ಥೆಯ ಬಲ ಹಾಗೂ ಮಿತಿ ಎರಡೂ ಅದರ ಲೆಕ್ಕದಲ್ಲೇ ಇವೆ. ಉದಾಹರಣೆಗೆ, 10,000 ರೂ. ದತ್ತಿಗೆ ಶೇ 6ರ ಬಡ್ಡಿ ದೊರೆತರೆ ವರ್ಷಕ್ಕೆ ಬರುವುದು 600 ರೂ. ಉಪನ್ಯಾಸಕರ ಪ್ರಯಾಣ ವೆಚ್ಚ, ಆಹ್ವಾನ ಪತ್ರಿಕೆ, ಒಂದು ಹಾರ, ಮಕ್ಕಳಿಗೆ ಉಪಹಾರ ಇಷ್ಟನ್ನೂ ಅದರಲ್ಲೇ ತೂಗಿಸಬೇಕು. ಅಸಲು ಕರಗದ ಕಾರಣ ಉಪನ್ಯಾಸ ನಿಲ್ಲುವುದಿಲ್ಲ. ಬೆಲೆ ಏರಿದಂತೆ ಬಡ್ಡಿ ಏರದ ಕಾರಣ ಅದು ಬೆಳೆಯುವುದೂ ಇಲ್ಲ. ಒಂದು ಮಧ್ಯಾಹ್ನದ ಭಾಷಣಕ್ಕೆ ಸಾಲುವ ಹಣ ಮೂರು ದಿನಗಳ ಬರವಣಿಗೆ ಶಿಬಿರಕ್ಕೆ ಸಾಲದು ಎಂಬುದು ಗಮನಾರ್ಹ.

ಸಮ್ಮೇಳನ ಮತ್ತು ಕವಿಗೋಷ್ಠಿ

ತಾಲ್ಲೂಕು ಸಾಹಿತ್ಯ ಸಮ್ಮೇಳನವು ಅಖಿಲ ಭಾರತ ಸಮ್ಮೇಳನದ ಕಿರುರೂಪ. ಬೆಳಿಗ್ಗೆ ರಾಷ್ಟ್ರ, ನಾಡ ಹಾಗೂ ಪರಿಷತ್ತಿನ ಧ್ವಜಾರೋಹಣ, ಪೂರ್ಣಕುಂಭ ಹಾಗೂ ಜಾನಪದ ಕಲಾತಂಡಗಳೊಂದಿಗೆ ಸಮ್ಮೇಳನಾಧ್ಯಕ್ಷರ ಮೆರವಣಿಗೆ, ಉದ್ಘಾಟನೆ, ವಿಚಾರಗೋಷ್ಠಿ, ಕವಿಗೋಷ್ಠಿ, ಬಹಿರಂಗ ಅಧಿವೇಶನ, ಸನ್ಮಾನ ಮತ್ತು ಸಮಾರೋಪ ಎಂಬ ಕ್ರಮ ಬಹುತೇಕ ಎಲ್ಲೆಡೆ ಒಂದೇ. ಅಧಿವೇಶನದಲ್ಲಿ ಅಂಗೀಕರಿಸುವ ನಿರ್ಣಯಗಳಿಗೆ ಕಾನೂನಿನ ಬಲವಿಲ್ಲ. ಆದರೂ ಗ್ರಂಥಾಲಯ, ಕನ್ನಡ ಶಾಲೆ, ನಾಮಫಲಕಗಳಂತಹ ಸ್ಥಳೀಯ ಬೇಡಿಕೆಗಳನ್ನು ದಾಖಲಿಸುವ ವೇದಿಕೆಯಾಗಿ ಅವು ಉಪಯುಕ್ತ.

ಹೊಸ ಬರಹಗಾರರ ಪಾಲಿಗೆ ಈ ಎಲ್ಲದರಲ್ಲಿ ಮುಖ್ಯವಾದದ್ದು ಕವಿಗೋಷ್ಠಿ. ಪತ್ರಿಕೆಯ ಸಂಪಾದಕರ ಆಯ್ಕೆಗೆ ಕಾಯದೆ, ಪುಸ್ತಕ ಪ್ರಕಟಿಸುವ ಹಣವಿಲ್ಲದೆ, ತನ್ನ ಊರಿನವರ ಮುಂದೆ ತನ್ನ ಪದ್ಯವನ್ನು ಓದುವ ಅವಕಾಶ ಅಲ್ಲಿ ಸಿಗುತ್ತದೆ. ಆದರೆ ಎರಡು ಗಂಟೆಯ ಗೋಷ್ಠಿಯಲ್ಲಿ 30 ಕವಿಗಳಿದ್ದರೆ ಒಬ್ಬೊಬ್ಬರಿಗೆ ಸಿಗುವುದು ನಾಲ್ಕೇ ನಿಮಿಷ. ಓದಿದ ಬಳಿಕ ಶಾಲು, ಪ್ರಮಾಣಪತ್ರ ದೊರೆಯುತ್ತವೆ. ಪದ್ಯದ ಯಾವ ಸಾಲು ನಿಂತಿತು, ಯಾವುದು ಸಡಿಲವಾಯಿತು ಎಂದು ಹೇಳುವವರು ದೊರೆಯುವುದು ಅಪರೂಪ. ಗೋಷ್ಠಿಯ ಅಧ್ಯಕ್ಷರ ಮಾತು ಸಮಯದ ಅಭಾವದಲ್ಲಿ ಅಭಿನಂದನೆಗೆ ಸೀಮಿತವಾಗುತ್ತದೆ. ಪ್ರೋತ್ಸಾಹ ದೊರೆತೂ ತಿದ್ದುವಿಕೆ ದೊರೆಯದ ಬರಹಗಾರ ಹತ್ತು ವರ್ಷಗಳ ನಂತರವೂ ಮೊದಲ ಗೋಷ್ಠಿಯಲ್ಲಿದ್ದಲ್ಲೇ ಉಳಿಯುವ ಅಪಾಯವಿದೆ.

ಈ ಕೊರತೆಯನ್ನು ತುಂಬಬಲ್ಲದ್ದು ಕಮ್ಮಟ. ಇಲ್ಲಿ ಶಿಬಿರಾರ್ಥಿಗಳ ಸಂಖ್ಯೆ ಮಿತವಾಗಿರುತ್ತದೆ. ಹಿರಿಯ ಲೇಖಕರೊಬ್ಬರು ನಿರ್ದೇಶಕರಾಗಿರುತ್ತಾರೆ. ಮೊದಲು ಒಳ್ಳೆಯ ಕಥೆ ಅಥವಾ ಕವಿತೆಯನ್ನು ಒಟ್ಟಾಗಿ ಓದಿ ಚರ್ಚಿಸುವುದು, ನಂತರ ತಾವು ಬರೆದದ್ದನ್ನು ಎಲ್ಲರ ಮುಂದಿಟ್ಟು ತಿದ್ದಿಕೊಳ್ಳುವುದು ಅದರ ವಿಧಾನ. ಪರಿಷತ್ತಲ್ಲದೆ ಕರ್ನಾಟಕ ಸಾಹಿತ್ಯ ಅಕಾಡೆಮಿಯೂ ರಾಜ್ಯದ ವಿವಿಧೆಡೆ ಇಂತಹ ಕಮ್ಮಟಗಳನ್ನು ನಡೆಸುತ್ತಾ ಬಂದಿದೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿದೆ.

ಪರೀಕ್ಷೆ ಮತ್ತು ಡಿಪ್ಲೊಮಾ

ಬರೆಯುವವರಿಗಷ್ಟೇ ಅಲ್ಲದೆ ಕ್ರಮವಾಗಿ ಓದಬಯಸುವವರಿಗೂ ಪರಿಷತ್ತಿನಲ್ಲಿ ದಾರಿಯಿದೆ. ಕನ್ನಡ ಪ್ರವೇಶ, ಕಾವ, ಜಾಣ ಹಾಗೂ ರತ್ನ ಎಂಬ ನಾಲ್ಕು ಹಂತದ ಪರೀಕ್ಷೆಗಳು ಶಾಲೆ ಬಿಟ್ಟವರಿಗೂ, ಉದ್ಯೋಗದಲ್ಲಿರುವವರಿಗೂ ಹಳಗನ್ನಡ, ವ್ಯಾಕರಣ ಹಾಗೂ ಸಾಹಿತ್ಯ ಚರಿತ್ರೆಯ ಪರಿಚಯ ಮಾಡಿಕೊಟ್ಟಿವೆ. ಬರೆಯುವವರ ಮೇಜಿನ ಮೇಲೆ ಇರಬೇಕಾದ ಎಂಟು ಸಂಪುಟಗಳ ಕನ್ನಡ ನಿಘಂಟು 1970ರಿಂದ 1995ರವರೆಗೆ ಹೊರಬಂದದ್ದೂ ಈ ಸಂಸ್ಥೆಯಿಂದಲೇ.

ಪರಿಷತ್ತು ನಡೆಸಿಕೊಂಡು ಬಂದಿರುವ ಶಾಸನಶಾಸ್ತ್ರ ಡಿಪ್ಲೊಮಾ ನೆಲಮಂಗಲದವರಿಗೆ ವಿಶೇಷವಾಗಿ ಪ್ರಸ್ತುತ. ತಾಲ್ಲೂಕಿನ ಮಣ್ಣೆಯು ಎಂಟನೆಯ ಶತಮಾನದಲ್ಲಿ ಗಂಗ ದೊರೆ ಶ್ರೀಪುರುಷನ ಕಾಲದಲ್ಲಿ ಮಾನ್ಯಪುರವೆಂದು ಪ್ರಸಿದ್ಧವಾಗಿದ್ದ ರಾಜಧಾನಿ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ದೇಹತ್ಯಾಗ ಮಾಡಿದಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ, ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯ ನಾಯಕಿ ಆಕೆಯೇ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳು ಸೇರಿವೆ. ಊರಿನ ಕಲ್ಲನ್ನು ಓದಬಲ್ಲ ಯುವಕರು ಊರಿನಲ್ಲೇ ಸಿದ್ಧರಾದರೆ ಬರೆಯಲು ವಸ್ತುವಿಗೆ ಬರವಿಲ್ಲ.

ಬದಲಾಗುತ್ತಿರುವ ತಾಲ್ಲೂಕು

ಈ ಚಟುವಟಿಕೆಗಳ ಅಗತ್ಯ ಕಡಿಮೆಯಾಗಿಲ್ಲ, ಬದಲಾಗಿ ಹೆಚ್ಚಿದೆ. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ, ಹೆದ್ದಾರಿಯ ಇಕ್ಕೆಲಗಳ ಗೋದಾಮುಗಳು ಹಾಗೂ ಹೊಸ ಬಡಾವಣೆಗಳಿಗೆ ಬೇರೆ ಜಿಲ್ಲೆ, ಬೇರೆ ರಾಜ್ಯಗಳ ಜನರು ಬಂದು ನೆಲೆಸುತ್ತಿದ್ದಾರೆ. ನಮ್ಮ ಮೆಟ್ರೊ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದಿತು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ್ದ ಸಚಿವ ಸಂಪುಟ ಸಭೆಯು ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ತೀರ್ಮಾನಿಸಿತು. ಗ್ರಾಮಾಂತರವೆಂಬ ಪದ ಜಿಲ್ಲೆಯ ಹೆಸರಿನಿಂದ ಕಳಚುವ ಹೊತ್ತಿನಲ್ಲಿ, ಹೊಲ ಮಾರಿದವರ, ಪಾಳಿಯಲ್ಲಿ ದುಡಿಯುವವರ, ಬಾಡಿಗೆ ಮನೆಗೆ ಬಂದವರ ಅನುಭವಗಳನ್ನು ಕನ್ನಡದಲ್ಲಿ ಬರೆಯುವವರು ಬೇಕು. ಹೊರಗಿನವರು ಬಂದು ಬರೆಯಬಹುದು. ಆದರೆ ಒಳಗಿನವರು ಬರೆಯುವುದಕ್ಕೆ ಅದು ಸಾಟಿಯಲ್ಲ. ನೆರೆಯ ದೊಡ್ಡಬಳ್ಳಾಪುರದ ಡಿ.ಆರ್. ನಾಗರಾಜ್ ಕನ್ನಡ ವಿಮರ್ಶೆಗೆ ಹೊಸ ದಿಕ್ಕನ್ನು ತೋರಿದವರು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಇದಕ್ಕೆ ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. ಒಂದೇ ಬಗೆಯ ಹಲವು ಸಣ್ಣ ದತ್ತಿಗಳ ಉಪನ್ಯಾಸಗಳನ್ನು ದಾನಿಗಳ ಆಶಯಕ್ಕೆ ಧಕ್ಕೆಯಾಗದಂತೆ ಒಂದೇ ದಿನಕ್ಕೆ ಸೇರಿಸಿದರೆ ಮಧ್ಯಾಹ್ನವನ್ನು ಕಮ್ಮಟಕ್ಕೆ ಮೀಸಲಿಡಬಹುದು. ಕವಿಗೋಷ್ಠಿಗೆ ಆಯ್ಕೆಯಾದವರನ್ನು ಒಂದು ವಾರ ಮೊದಲೇ ಕರೆಸಿ ಹಿರಿಯರೊಬ್ಬರು ಪದ್ಯಗಳನ್ನು ಓದಿ ಸಲಹೆ ನೀಡಬಹುದು. ಹೊಸದಾಗಿ ದತ್ತಿ ಇಡುವವರು ಉಪನ್ಯಾಸಕ್ಕೆ ಬದಲಾಗಿ ಬರವಣಿಗೆ ತರಬೇತಿಗೆಂದು ನಮೂದಿಸಬಹುದು. ಇವುಗಳಲ್ಲಿ ಮೊದಲ ಎರಡಕ್ಕೆ ಹಣಕ್ಕಿಂತ ಸಮಯವೇ ಹೆಚ್ಚು ಬೇಕು.

ಸೇರಬಯಸುವವರಿಗೆ

ಕನ್ನಡ ಬಲ್ಲ ವಯಸ್ಕರು ನಿಗದಿತ ಶುಲ್ಕವನ್ನು ಒಮ್ಮೆ ಪಾವತಿಸಿ ಪರಿಷತ್ತಿನ ಆಜೀವ ಸದಸ್ಯರಾಗಬಹುದು. ಉಪನ್ಯಾಸ, ಸಮ್ಮೇಳನಗಳಿಗೆ ಬರಲು ಸದಸ್ಯತ್ವದ ಅಗತ್ಯವಿಲ್ಲ, ಪ್ರವೇಶ ಮುಕ್ತ. ಕವಿಗೋಷ್ಠಿಯಲ್ಲಿ ಓದಬಯಸುವವರು ಸಮ್ಮೇಳನದ ದಿನಾಂಕ ಪ್ರಕಟವಾದೊಡನೆ ತಾಲ್ಲೂಕು ಘಟಕದ ಪದಾಧಿಕಾರಿಗಳನ್ನು ಸಂಪರ್ಕಿಸುವುದು ಒಳಿತು. ಸದಸ್ಯರಿಗೆ ಮತದಾನದ ಹಕ್ಕಿದೆ. ಐದು ವರ್ಷಗಳಿಗೊಮ್ಮೆ ಮತ ಕೇಳಲು ಬರುವವರನ್ನು ತಾಲ್ಲೂಕಿಗೆ ಎಷ್ಟು ಕಮ್ಮಟಗಳನ್ನು ಕೊಡುವಿರಿ ಎಂದು ಕೇಳುವ ಅವಕಾಶವೂ ಅದರೊಂದಿಗೇ ಬರುತ್ತದೆ.