ತುಂಬಗಾಯಿಯ ಹೂರಣ ಹೊಲದ್ದು

ನಮ್ಮ ನೆಲೋಗಿಯಲ್ಲಿ ಬೀಗರು ಬಂದರೆ ರಾತ್ರಿಯೂಟಕ್ಕೆ ತುಂಬಗಾಯಿ ಇರಲೇಬೇಕು. ಬಿಸಿ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು, ಶೇಂಗಾ ಹಿಂಡಿ ಎಲ್ಲ ಬಡಿಸಿದರೂ ಗಂಗಾಳದ ಒಂದು ಬದಿಗೆ ತೊಟ್ಟಿನ ಸಮೇತ ಎರಡು ಬದನೆಕಾಯಿ ಕೂಡದಿದ್ದರೆ ಊಟಕ್ಕೆ ಕರೆದವರ ಮನಸ್ಸಿಗೆ ನೆಮ್ಮದಿಯಿಲ್ಲ. ಧಾರವಾಡದ ಕಡೆ ಎಣ್ಣೆಗಾಯಿ ಅನ್ನುವುದೂ ಇದನ್ನೇ. ಆದರೆ ಖಾನಾವಳಿಯ ಎಣ್ಣೆಗಾಯಿ ಎಸರಿನಲ್ಲಿ ತೇಲುತ್ತದೆ. ನಮ್ಮ ಆಯಿ ಮಾಡುತ್ತಿದ್ದುದು ಒಣ ತುಂಬಗಾಯಿ. ಹನಿ ನೀರು ಹಾಕದೆ, ಕೆಳಗಿಷ್ಟು ಮೇಲಿಷ್ಟು ಕೆಂಡ ಇಟ್ಟು ಬೇಯಿಸಿದ್ದು. ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ರಾಜರ ಇಸವಿಗಳ ಜೊತೆಗೆ ಅಡುಗೆಯ ಇಸವಿಗಳನ್ನೂ ಹುಡುಕಿ ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ಈ ಒಂದು ಪದಾರ್ಥದ ಬೆನ್ನು ಹತ್ತಿ ಹೋದರೆ ಒಂಬೈನೂರು ವರ್ಷ ಹಿಂದಕ್ಕೆ ಹೋಗಬಹುದು, ಅದೂ ನಮ್ಮ ಸೀಮೆಯೊಳಗೇ.

ಮೊದಲು ಬೆಂಕಿಯ ಮಾತು. ರೊಟ್ಟಿ ಬಡಿಯುವಾಗ ಆಯಿ ಒಲೆಗೆ ಹಾಕುತ್ತಿದ್ದುದು ತೊಗರಿಕಟ್ಟಿಗೆ. ಅದು ಭರ್ರನೆ ಉರಿದು ಹಂಚು ಕಾಯಿಸುತ್ತದೆ, ಕೆಂಡ ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಒಂದೆರಡು ಜಾಲಿಯ ತುಂಡನ್ನು ಒಲೆಯ ಹಿಂಬದಿಗೆ ಮೊದಲೇ ದೂಡಿಟ್ಟಿರುತ್ತಿದ್ದಳು. ರೊಟ್ಟಿಯ ಬುಟ್ಟಿ ತುಂಬುವ ಹೊತ್ತಿಗೆ ಜಾಲಿ ಕೆಂಡವಾಗಿರುತ್ತಿತ್ತು. ಅಗಲ ತಳದ ಮಣ್ಣಿನ ಗಡಿಗೆಯ ಒಳಮೈಗೆ ಕುಸುಬೆ ಎಣ್ಣೆ ಸವರಿ, ತುಂಬಿದ ಕಾಯಿಗಳನ್ನು ತೊಟ್ಟು ಮೇಲಾಗುವಂತೆ ಒತ್ತೊತ್ತಾಗಿ ನಿಲ್ಲಿಸುತ್ತಿದ್ದಳು. ಬಾಯಿಗೆ ಸವೆದ ಹಳೆಯ ಹಂಚು ಮುಚ್ಚಿ, ಸಂದಿಗೆ ನಾದಿದ ಜೋಳದ ಹಿಟ್ಟು ಮೆತ್ತಿ, ಹಂಚಿನ ಮೇಲೆ ಕೆಂಡ ಹರಡಿ, ಅದರ ಮೇಲೆ ತೆಳ್ಳಗೆ ಬೂದಿ ಉದುರಿಸುತ್ತಿದ್ದಳು. ನಾವು ಹುಡುಗಿಯರು ಸುತ್ತ ಸುಳಿದಾಡಿದರೆ, “ಮುಚ್ಚಳಕ್ಕ ಕೈ ಹಚ್ಚಬ್ಯಾಡ ಯವ್ವಾ, ಒಳಗಿನ ಹಬಿ ಹೊರಗ ಹೋದ್ರ ಕಾಯಿ ಬಿರಸ ಆಗ್ತದ” ಎಂದು ಗದರುತ್ತಿದ್ದಳು.

ಅವಳು ಹೇಳಿದ್ದರಲ್ಲಿ ಪೂರ್ತಿ ತಿಳಿವಳಿಕೆ ಇತ್ತು. ಬದನೆಕಾಯಿಯ ತೂಕದಲ್ಲಿ ಬಹುಪಾಲು ನೀರೇ. ಬಾಯಿ ಕಟ್ಟಿದ ಗಡಿಗೆಯಲ್ಲಿ ಆ ನೀರೇ ಹಬೆಯಾಗಿ ಕಾಯಿಯನ್ನು ಬೇಯಿಸುತ್ತದೆ. ಹೂರಣದ ಶೇಂಗಾ ಮತ್ತು ಎಳ್ಳಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆ ಇರುತ್ತದೆ. ಕಾವಿಗೆ ಅದು ಹೂರಣದಿಂದ ಬಿಟ್ಟುಕೊಂಡು ಬದನೆಯ ಮೆತ್ತನೆಯ ತಿರುಳಿಗೆ ಇಳಿಯುತ್ತದೆ. ಹೊರಗಿನಿಂದ ಎಣ್ಣೆ ಸುರಿಯುವ ಜರೂರಿಯೇ ಇಲ್ಲ. ಮೇಲಿನ ಕೆಂಡ ತೊಟ್ಟಿನ ಸುತ್ತಲಿನ ಸಿಪ್ಪೆಯನ್ನು ಒಣಗಿಸಿ ಕಂದಿಸುತ್ತದೆ. ಆ ಕಂದಿದ ಭಾಗದ ರುಚಿ ಎಸರಿನ ಎಣ್ಣೆಗಾಯಿಗೆ ಯಾವತ್ತೂ ಬರುವುದಿಲ್ಲ. ಇದು ನನ್ನ ಖಚಿತ ಅಭಿಪ್ರಾಯ, ಧಾರವಾಡದವರು ಕ್ಷಮಿಸಬೇಕು.

ಹೀಗೆ ಬಾಯಿ ಕಟ್ಟಿ ಮೇಲೆ ಕೆಂಡವಿಟ್ಟು ಬೇಯಿಸುವುದನ್ನು ನಮ್ಮಲ್ಲಿ ಎಲ್ಲರೂ ‘ದಮ್’ ಅನ್ನುತ್ತಾರೆ, ಹೈದರಾಬಾದಿನಿಂದ ಬಂದದ್ದು ಅನ್ನುತ್ತಾರೆ. ಮಾತು ಅಲ್ಲಿಂದ ಬಂದಿರಬಹುದು. ವಿದ್ಯೆ ಅಲ್ಲಿಂದಲೇ ಬರಬೇಕಿರಲಿಲ್ಲ. ಹುಣಸೂರು ಸೀಮೆಯ ಕಲ್ಲಹಳ್ಳಿಯ ಜೈನ ಕವಿ ಮೂರನೆಯ ಮಂಗರಸ 16ನೇ ಶತಮಾನದ ಮೊದಲ ದಶಕಗಳಲ್ಲಿ ಷಟ್ಪದಿಯಲ್ಲಿ ಒಂದು ಅಡುಗೆಯ ಪುಸ್ತಕ ಬರೆದ. ಅದೇ ‘ಸೂಪಶಾಸ್ತ್ರ’. ಅದರಲ್ಲಿ ಗೋಧಿಯ ಮುಚ್ಚಳರೊಟ್ಟಿಯನ್ನು ಮೇಲೂ ಕೆಳಗೂ ಕೆಂಡವಿಟ್ಟು ಸುಡುವ ಕ್ರಮವಿದೆ. ಬದನೆಕಾಯಿಯ ಅಡುಗೆಗಳಿಗೆಂದೇ ಒಂದು ಭಾಗವೂ ಇದೆ. ಹೈದರಾಬಾದ್ ಪಟ್ಟಣ ಕಟ್ಟಿದ್ದು 1591ರಲ್ಲಿ. ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಅಕ್ಬರನ ಅಡುಗೆಮನೆಯ ದಮ್ ಪುಖ್ತ್ ಬಗ್ಗೆ ಬರೆದದ್ದೂ ಅದೇ ಸುಮಾರಿಗೆ. ಅಷ್ಟು ಹೊತ್ತಿಗಾಗಲೇ ಕನ್ನಡದ ಒಲೆಗೆ ಮೇಲ್ಗೆಂಡದ ಪಾಠ ಆಗಿತ್ತು.

ಇನ್ನು ಹೂರಣ. ಇದರ ಚರಿತ್ರೆ ಇನ್ನೂ ಹಿಂದಿನದು, ನಮಗೆ ಇನ್ನೂ ಹತ್ತಿರದ್ದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅವನ ರಾಜಧಾನಿ ಕಲ್ಯಾಣ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆ ಗ್ರಂಥದ ಅನ್ನಭೋಗದ ಭಾಗದಲ್ಲಿ ಬದನೆಕಾಯಿಯ ತಿರುಳು ತೆಗೆದು, ಮಸಾಲೆ ಬೆರೆಸಿದ ಕೊಚ್ಚಿದ ಮಾಂಸವನ್ನು ಅದರೊಳಗೆ ತುಂಬಿ, ಎಣ್ಣೆಯಲ್ಲಿ ಬೇಯಿಸುವ ಅಡುಗೆಯಿದೆ. ಅಂದರೆ ತುಂಬಿದ ಬದನೆಕಾಯಿ ನಮ್ಮ ಭಾಗದ ಅರಮನೆಯ ಊಟದಲ್ಲಿ ಆಗಲೇ ಇತ್ತು. ಕೆಲವೇ ದಶಕಗಳಲ್ಲಿ ಅದೇ ಊರಿಗೆ ಬಸವಣ್ಣ ಬಂದರು, ಶರಣರು ಕೂಡಿದರು, ದಾಸೋಹದ ಪಂಕ್ತಿಗಳು ಶುರುವಾದವು. ಮಾಂಸ ಬಿಟ್ಟ ಮನೆಗಳಲ್ಲಿ ಕಾಯಿಯೊಳಗೆ ತುಂಬುವುದಕ್ಕೆ ಹೊಲವೇ ಏನಾದರೂ ಕೊಡಬೇಕಿತ್ತು. ಕಪ್ಪು ಎರೆಹೊಲ ಕೈ ಬಿಡಲಿಲ್ಲ: ಎಳ್ಳು, ಕಾರೆಳ್ಳು, ಕುಸುಬೆ, ಅಗಸಿ, ಕಡಲೆ ಕೊಟ್ಟಿತು. ನಮ್ಮ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರು (1746–1822) ಒಕ್ಕಲುತನ ಮಾಡಿದವರು. ಹೊಲದ ತೆನೆಯನ್ನು ಹಕ್ಕಿಗಳಿಗೂ ಬಿಟ್ಟವರೆಂದು ಜನ ಇಂದಿಗೂ ಹೇಳುತ್ತಾರೆ. ಈ ಸೀಮೆಯಲ್ಲಿ ಊಟದ ಮಾತು ಎಲ್ಲಿ ಶುರುವಾದರೂ ಹೊಲಕ್ಕೇ ಬಂದು ನಿಲ್ಲುತ್ತದೆ.

ಸೋಮೇಶ್ವರನಿಗೂ ಮಂಗರಸನಿಗೂ ಗೊತ್ತಿಲ್ಲದ ಎರಡು ವಸ್ತು ಇಂದಿನ ಹೂರಣದಲ್ಲಿವೆ. ಒಂದು ಮೆಣಸಿನಕಾಯಿ, ಇನ್ನೊಂದು ಶೇಂಗಾ. ಎರಡೂ ಅಮೆರಿಕ ಖಂಡದ ಬೆಳೆಗಳು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಹಡಗುಗಳ ಹಾದಿಯಲ್ಲಿ ಮೆಣಸಿನಕಾಯಿ ಬಂತು. ಅದಕ್ಕೂ ಮೊದಲು ಖಾರವೆಂದರೆ ಕರಿಮೆಣಸು, ಶುಂಠಿ, ಸಾಸಿವೆ. ಶೇಂಗಾ ನಮ್ಮ ದಖ್ಖನಿನ ಹೊಲಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಹರಡಿದ್ದು 19ನೇ ಶತಮಾನದಿಂದ ಈಚೆಗೆ. ಇವತ್ತು ಶೇಂಗಾ ಇಲ್ಲದ ತುಂಬಗಾಯಿ ನೆನೆಯುವುದೂ ಕಷ್ಟ, ಆದರೂ ಮನೆಯಲ್ಲಿ ಅದೇ ಕಿರಿಯ ಸೊಸೆ. ಎಳ್ಳು, ಕಾರೆಳ್ಳು ಹಿರಿಯರು. ಆಯಿ ಶೇಂಗಾವನ್ನು ಒಂದು ಮುಷ್ಟಿ ಹಾಕಿದರೆ ಕಾರೆಳ್ಳನ್ನು ಅದಕ್ಕೆ ಸರಿಗಟ್ಟಿ ಹಾಕುತ್ತಿದ್ದಳು. ಹೂರಣ ಕಪ್ಪಗೆ ಕಾಣುತ್ತಿತ್ತು, ಸಣ್ಣ ಕಹಿ ಇರುತ್ತಿತ್ತು. ಆ ಕಹಿಯನ್ನು ಒಂದು ಚೂರು ಬೆಲ್ಲ, ಹುಣಸೆಹುಳಿ ಸಂಭಾಳಿಸುತ್ತಿದ್ದವು.

ಹೈದರಾಬಾದಿನ ಪಾಲು ನಾನು ಅಲ್ಲಗಳೆಯುತ್ತಿಲ್ಲ. ಗುಲ್ಬರ್ಗಾ, ಅಂದರೆ ಈಗಿನ ಕಲಬುರಗಿ, ನಿಜಾಮರ ರಾಜ್ಯದ ನಾಲ್ಕು ಸುಭಾಗಳಲ್ಲಿ ಒಂದಾಗಿತ್ತು. 1948ರ ಸೆಪ್ಟೆಂಬರ್ 17ರವರೆಗೆ ನಾವು ಆ ರಾಜ್ಯದವರು, ಕನ್ನಡ ನಾಡಿಗೆ ಕೂಡಿದ್ದು 1956ರ ನವೆಂಬರ್ 1ರಂದು. ಮುತ್ಯಾನ ಓದು ಉರ್ದುವಿನಲ್ಲಿ, ಕಾಗದಪತ್ರ ಉರ್ದುವಿನಲ್ಲಿ. ಹೈದರಾಬಾದಿನ ಮದುವೆಯ ಊಟದಲ್ಲಿ ಬಿರಿಯಾನಿಯ ಪಕ್ಕ ಬಡಿಸುವ ಬಗಾರಾ ಬೈಂಗನ್ ನೋಡಿ: ತೊಟ್ಟು ಬಿಡದೆ ನಾಲ್ಕಾಗಿ ಸೀಳಿದ ಸಣ್ಣ ಬದನೆ, ಶೇಂಗಾ, ಎಳ್ಳು, ಒಣಖೊಬ್ಬರಿ, ಹುಣಸೆ. ನಮ್ಮದೂ ಅದೇ. ಯಾರು ಯಾರಿಂದ ಕಲಿತರು ಎಂದು ಜಗಳಾಡುವುದು ವ್ಯರ್ಥ, ಎರಡೂ ಅಡುಗೆಮನೆಗೆ ಕಾಳು ಒದಗಿಸಿದ್ದು ಒಂದೇ ಬಗೆಯ ಒಣ ಹೊಲ. ನಮ್ಮ ಓಣಿಯ ಚಾಚಿ ರಂಜಾನ್ ತಿಂಗಳಲ್ಲಿ ಹಾಗಲಕಾಯಿಗೆ ಖೀಮಾ ತುಂಬಿ, ದಾರ ಸುತ್ತಿ, ಸಣ್ಣ ಉರಿಯಲ್ಲಿ ಕೂಡಿಸುತ್ತಿದ್ದಳು. ಸೋಮೇಶ್ವರ ಬರೆದ ಮಾಂಸದ ಹೂರಣದ ಜಾಡು ಅವಳ ಒಲೆಯ ಮೇಲೆ ಇತ್ತು, ಶರಣರ ಹೂರಣದ ಜಾಡು ನಮ್ಮ ಒಲೆಯ ಮೇಲೆ. ಎರಡು ಮನೆಗೂ ನಡುವೆ ಇದ್ದದ್ದು ಒಂದು ಗೋಡೆ, ಅದರ ಮೇಲಿನಿಂದ ಗಂಗಾಳಗಳು ದಾಟುತ್ತಿದ್ದವು.

1972ರ ಬರದಲ್ಲಿ ತುಂಬಗಾಯಿ ನಮ್ಮ ಮನೆಯಿಂದ ಮರೆಯಾಯಿತು. ಪರದೇಶದ ಕೆಂಪು ಜೋಳದ ರೊಟ್ಟಿ, ಖಾರದ ಪುಡಿ, ಅಷ್ಟೇ. ಹಿತ್ತಲ ಬದನೆಗಿಡಕ್ಕೆ ನೀರಿರಲಿಲ್ಲ, ಹೂರಣಕ್ಕೆ ಕಾಳಿರಲಿಲ್ಲ. ಮಳೆ ಬಂದ ಮರುವರ್ಷ ಎಳ್ಳಮಾಸಿಗೆ ಭಜ್ಜಿ, ಸಜ್ಜೆ ರೊಟ್ಟಿ, ಕಡುಬಿನ ಜೊತೆ ಅದು ಮತ್ತೆ ಬಂತು. ಹೊಲದ ತುಂಬ ಚರಗ ಚೆಲ್ಲಿ ಬಂದು ಬನ್ನಿಗಿಡದ ನೆರಳಲ್ಲಿ ಉಣ್ಣಲು ಕೂತಾಗ ಮುತ್ಯಾ ಮೊದಲು ಕೈ ಹಾಕಿದ್ದು ತುಂಬಗಾಯಿಗೆ.

ಬರ ಕಸಿದದ್ದನ್ನು ಮಳೆ ತಿರುಗಿ ಕೊಟ್ಟಿತು. ಈಗ ಕಳೆದುಹೋಗುತ್ತಿರುವುದು ಮಳೆಯಿಂದ ಬರುವುದಲ್ಲ, ಅದೇ ನನ್ನ ಸಂಕಟ. ಆಗ ಹಿಂಗಾರಿ ಜೋಳದ ನಡುವೆ ಅಕ್ಕಡಿ ಸಾಲು ಇರುತ್ತಿತ್ತು. ಕುಸುಬೆ, ಅಗಸಿ, ಕಡಲೆ ಆ ಸಾಲಿನಲ್ಲಿ ಬರುತ್ತಿದ್ದವು. ಕುಸುಬೆಯ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲವೆಂದು ಬದುವಿನ ಬದಿಗೂ ಅದನ್ನೇ ಬಿತ್ತುತ್ತಿದ್ದರು. ಮುಂಗಾರಿಗೆ ಎಳ್ಳು, ಸಜ್ಜೆ, ಒಂದು ಮೂಲೆಯಲ್ಲಿ ಕಾರೆಳ್ಳಿನ ಹಳದಿ ಹೂವು. ಅಡುಗೆಮನೆಯ ಹೂರಣದ ಡಬ್ಬಿ ಹೊಲದಲ್ಲೇ ತುಂಬುತ್ತಿತ್ತು, ಅಂಗಡಿಯಿಂದ ತರುತ್ತಿದ್ದುದು ಖೊಬ್ಬರಿ, ಬೆಲ್ಲ ಮಾತ್ರ. ಆಮೇಲೆ ನಾರಾಯಣಪುರ ಎಡದಂಡೆಯ ಜೇವರ್ಗಿ ಶಾಖಾ ಕಾಲುವೆ ಬಂತು, ಹತ್ತಿ ಬಂತು. ಅಫಜಲಪುರದ ಭೀಮಾ ದಂಡೆಗೆ ಕಬ್ಬು ಬಂತು. ಉಳಿದ ಹೊಲವನ್ನೆಲ್ಲ ತೊಗರಿ ತುಂಬಿತು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ನಾನೂ ಹೆಮ್ಮೆಪಟ್ಟೆ. ಆದರೆ ಹೊಲಕ್ಕೆ ಹೊಲವೇ ಒಂದೇ ಬೆಳೆಯಾದಾಗ ಕಾರೆಳ್ಳಿಗೆ ಮೂಲೆ ಉಳಿಯುವುದಿಲ್ಲ. ಇವತ್ತು ನೆಲೋಗಿಯ ಅಂಗಡಿಗಳಲ್ಲಿ ಶೇಂಗಾ ಬೇಕಾದಷ್ಟು ಸಿಗುತ್ತದೆ, ಕುಸುಬೆ ಎಣ್ಣೆ ಕೇಳಿದರೆ ಮುಖ ನೋಡುತ್ತಾರೆ. ಹೂರಣ ಶೇಂಗಾದ್ದೊಂದೇ ಆಗುತ್ತ ನಡೆದಿದೆ. ಅದು ರುಚಿಯ ನಷ್ಟ ಮಾತ್ರವಲ್ಲ, ನಮ್ಮ ಹೊಲದ ನಷ್ಟ.

ಬದನೆಯ ಬೀಜದ ಮಾತೂ ಹಾಗೆಯೇ. ಕುಲಾಂತರಿ ಬಿಟಿ ಬದನೆಗೆಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ತೆಗೆದುಕೊಂಡ ಸ್ಥಳೀಯ ತಳಿಗಳಲ್ಲಿ ಮಾಲಾಪುರ, ಕುಡಚಿ, ಮಂಜರಿ ಗೋಟಾ, ಉಡುಪಿ ಗುಳ್ಳ ಇದ್ದವು. ಅದರ ಬಗ್ಗೆ ಬೆಂಗಳೂರಿನಲ್ಲಿ ನಡೆದ ಸಭೆಯಲ್ಲಿ ರೈತರು ದನಿಯೆತ್ತಿದರು. 2010ರ ಫೆಬ್ರುವರಿ 9ರಂದು ಆಗಿನ ಕೇಂದ್ರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಯನ್ನು ತಡೆಹಿಡಿದರು. ಬಿಟಿ ನಿಂತಿತು, ಆದರೆ ಸಂತೆಯಲ್ಲಿ ಈಗ ಬರುವ ನುಣ್ಣಗೆ ಹೊಳೆಯುವ ಹೈಬ್ರಿಡ್ ಕಾಯಿ ತುಂಬುವುದಕ್ಕೆ ಬರುವುದಿಲ್ಲ, ಬೆಂದರೆ ನೀರು ಬಿಟ್ಟು ಕುಸಿಯುತ್ತದೆ. ಬೇಕಾದದ್ದು ನಿಂಬೆಹಣ್ಣಿಗಿಂತ ತುಸು ದೊಡ್ಡದಾದ, ತೊಟ್ಟಿಗೆ ಮುಳ್ಳಿರುವ, ಬಿಳಿ ಗೀರಿನ ನೇರಳೆ ಕಾಯಿ. ಕೈಗೆ ಮುಳ್ಳು ಚುಚ್ಚಿದರೆ ಕಾಯಿ ತಾಜಾ ಎಂದು ತಿಳಿಯಬೇಕು.

ನನ್ನ ಸೊಸೆ ಕಲಬುರಗಿಯಲ್ಲಿ ಗ್ಯಾಸ್ ಒಲೆಯ ಮನೆಯಲ್ಲಿದ್ದಾಳೆ, ಅಲ್ಲಿ ಕೆಂಡ ಎಲ್ಲಿಂದ ಬರಬೇಕು? ಅವಳು ಓವನ್ ಕೊಂಡ ಮೇಲೆ ಆಯಿಯ ಗಡಿಗೆಗೆ ಅದೇ ಸಮೀಪದ ದಾರಿ ಎಂದು ನನಗೆ ಅನಿಸಿತು: ಮೇಲೂ ಕಾವು, ಕೆಳಗೂ ಕಾವು. “ಅತ್ತಿ, ಎಷ್ಟೊತ್ತು ಇಡಬೇಕ್ರಿ?” ಎಂದು ಫೋನಿನಲ್ಲಿ ಕೇಳಿದಳು. ಕಾಯಿಯನ್ನು ಬುಡದ ಕಡೆಯಿಂದ ನಾಲ್ಕಾಗಿ ಸೀಳಿ, ತೊಟ್ಟಿನ ತನಕ ಹೋಗದಂತೆ ನಿಲ್ಲಿಸು. ಉಪ್ಪುನೀರಿನಲ್ಲಿ ಹಾಕಿಡು, ಕಪ್ಪಾಗುವುದಿಲ್ಲ. ಹುರಿದ ಎಳ್ಳು, ಕಾರೆಳ್ಳು, ಶೇಂಗಾ, ಒಣಖೊಬ್ಬರಿ, ಜೀರಿಗೆ ತರಿತರಿ ಕುಟ್ಟಿ, ಹೆಚ್ಚಿದ ಉಳ್ಳಾಗಡ್ಡಿ, ಜಜ್ಜಿದ ಬಳ್ಳೊಳ್ಳಿ, ಕೊತ್ತಂಬರಿ, ಮಸಾಲೆ ಖಾರ, ಉಪ್ಪು, ಹುಣಸೆ, ಬೆಲ್ಲ ಬೆರೆಸು; ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲುವಷ್ಟು ಹಸಿ ಇರಲಿ. ಅದನ್ನು ಕಾಯಿಗೆ ತುಂಬಿ, ಮುಚ್ಚಳವಿರುವ ಪಾತ್ರೆಯಲ್ಲಿಟ್ಟು 180 ಡಿಗ್ರಿಯಲ್ಲಿ ಮುಕ್ಕಾಲು ತಾಸು, ಕಡೆಗೆ ಮುಚ್ಚಳ ತೆಗೆದು ಹತ್ತು ನಿಮಿಷ. ಇದೇ ಹೂರಣ ತುಂಬಿದ ಡೊಣ್ಣ ಮೆಣಸಿನಕಾಯಿ ಅಷ್ಟು ಹೊತ್ತು ತಡೆಯುವುದಿಲ್ಲ, ಅದನ್ನು ಆಮೇಲೆ ಇಡು. ಹೀರೇಕಾಯಿಗೂ ಹಾಗೆಯೇ. ಇಷ್ಟು ಹೇಳಿದೆ.

ಮಾಡಿದಳು, ಮನೆಮಂದಿಯೆಲ್ಲ ಉಂಡರು. ಮರುದಿನ ಅವಳು ಕೇಳಿದ ಪ್ರಶ್ನೆ ಕಾರೆಳ್ಳಿನದು, ಕಲಬುರಗಿಯ ಅಂಗಡಿಯಲ್ಲಿ ಸಿಕ್ಕದ್ದು ಹಳೆಯ ಮುಗ್ಗಲು ವಾಸನೆಯದು. ಅದಕ್ಕೇ ಮುಂಗಾರಿಗೆ ಹೊಲದ ಮೇಲಿನ ಮೂಲೆ ಕಾರೆಳ್ಳಿಗೆ ಬಿಟ್ಟಿದ್ದೇನೆ, ಹಿಂಗಾರಿ ಜೋಳದ ನಡುವೆ ಕುಸುಬೆಯ ಅಕ್ಕಡಿ ಸಾಲು ಹಾಕಿಸುತ್ತಿದ್ದೇನೆ. ಪಾಲಿಗೆ ಮಾಡುವ ತಮ್ಮ ಮೊದಲು ಒಪ್ಪಲಿಲ್ಲ, ತೊಗರಿಯ ಧಾರಣೆ ಹೇಳಿದ. ಕಾಳಿನಲ್ಲಿ ಅರ್ಧ ನಿನ್ನ ಮನೆಗೆ ಅಂದ ಮೇಲೆ ಅವನ ಹೆಂಡತಿಯೇ ಬಂದು ಬೀಜ ಒಯ್ದಳು.